ಘಟಸರ್ಪದ ಚಿಪ್ಪು, ಆಕಾಶದ ಕಬ್ಬಿಣ: ಕಥೆಯ ಕವಚ ಎಷ್ಟು ನಿಜ ಇರಬೇಕು?

ಪ್ರಶ್ನೆ: ಸರ್, ನಾನು ಸಾಗರದ ಹತ್ತಿರದವನು. ಮೂರು ವರ್ಷದಿಂದ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಐದು ಬಣ, ಐದು ಥರದ ಕವಚ. ರಾಜನಿಗೆ ಅಪ್ಪಟ ಚಿನ್ನದ್ದು. ರಾಣಿಗೆ ‘ಬೆಳ್ಳಿಜೊನ್ನ’ ಅಂತ ನಾನೇ ಹೆಸರಿಟ್ಟ ಹಗುರ ಲೋಹದ್ದು. ನಾಯಕನಿಗೆ ಘಟಸರ್ಪದ ಚಿಪ್ಪಿನದು. ಬೆಟ್ಟದ ಜನಕ್ಕೆ ಕರಿಗಾಜಿನದು. ಖಳನಿಗೆ ಉಲ್ಕೆಯ ಕಬ್ಬಿಣದ್ದು. ಹಸ್ತಪ್ರತಿ ಓದಿದ ಗೆಳೆಯ ಮೆಕ್ಯಾನಿಕಲ್ ಇಂಜಿನಿಯರ್. “ಮೈತುಂಬಾ ಲೋಹ ಹಾಕಿದ್ರೆ ಐವತ್ತು ಕಿಲೋ ಆಗುತ್ತೆ, ಬಿದ್ದವನು ಏಳೋಕಾಗಲ್ಲ. ಚಿಪ್ಪು, ಗಾಜು ಎಲ್ಲ ಮಕ್ಕಳಾಟ. ಉಲ್ಕೆಯದೊಂದು ಸರಿ, ಅದು ಉಕ್ಕಿಗಿಂತ ಗಟ್ಟಿ” ಅಂದ. ಅವತ್ತಿನಿಂದ ಬರೆಯೋಕೇ ಮನಸ್ಸಾಗ್ತಿಲ್ಲ. ಎಲ್ಲ ತೆಗೆದು ಮಾಮೂಲಿ ಉಕ್ಕಿನ ಕವಚ ಹಾಕಿಬಿಡಲಾ? ಅಥವಾ ಕಲ್ಪನೆ ತಾನೇ ಅಂತ ಹಾಗೇ ಬಿಡಲಾ?

ಉತ್ತರ:

ಎರಡೂ ಬೇಡ. ಮೊದಲು ಬರೆಯೋದನ್ನ ಮತ್ತೆ ಶುರು ಮಾಡಿ. ನಿಮ್ಮ ಐದು ಕವಚಗಳಲ್ಲಿ ತೆಗೆದುಹಾಕಬೇಕಾದ್ದು ಒಂದೂ ಇಲ್ಲ. ತಿದ್ದಬೇಕಾದ್ದು ಇದೆ. ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ಅವರು ಸರಿ ಅಂದ ಉಲ್ಕೆಯ ಮಾತೇ ಎಲ್ಲಕ್ಕಿಂತ ಜಾಸ್ತಿ ತಪ್ಪು.

ನಾನು ಲೋಹಶಾಸ್ತ್ರ ಓದಿ, ಇಪ್ಪತ್ತಾರು ವರ್ಷ ಒಂದು ಫೋರ್ಜಿಂಗ್ ಕಾರ್ಖಾನೆಯ ಹೀಟ್ ಟ್ರೀಟ್‌ಮೆಂಟ್ (ಲೋಹ ಕಾಯಿಸಿ ಹದ ಮಾಡುವ) ವಿಭಾಗದಲ್ಲಿ ಕೆಲಸ ಮಾಡಿದವನು. ಹಳೆಯ ಆಯುಧ, ಕವಚಗಳ ಬಗ್ಗೆ ಓದೋದು ನನಗೆ ಚಿಕ್ಕಂದಿನಿಂದ ಬಂದ ಪ್ರೀತಿ. ಹಾಗಾಗಿ ನಿಮ್ಮ ಪತ್ರ ಓದಿ ನಿಜಕ್ಕೂ ಖುಷಿಯಾಯಿತು.

ತೂಕದಿಂದ ಶುರು ಮಾಡೋಣ. ಇದಕ್ಕೆ ಪೆನ್ಸಿಲ್, ಕಾಗದ ಸಾಕು. ದೊಡ್ಡವರ ಮೈಯ ಮೇಲ್ಮೈ ಸುಮಾರು 1.8 ಚದರ ಮೀಟರ್. ಅಷ್ಟನ್ನೂ ಒಂದೂವರೆ ಮಿಲಿಮೀಟರ್ ದಪ್ಪದ ತಗಡಿನಿಂದ ಮುಚ್ಚಿದರೆ ಬೇಕಾಗುವ ಲೋಹ 2.7 ಲೀಟರ್‌ನಷ್ಟು. ಉಕ್ಕಿನದಾದರೆ ಅದು ಸುಮಾರು 21 ಕಿಲೋ. ಈ ಲೆಕ್ಕ ಚರಿತ್ರೆಗೂ ಹೊಂದುತ್ತೆ. ಹದಿನೈದನೇ ಶತಮಾನದ ಯುರೋಪಿನ ಯೋಧರ ಪೂರ್ತಿ ಕವಚ ಸಾಮಾನ್ಯವಾಗಿ 20ರಿಂದ 25 ಕಿಲೋ ತೂಗುತ್ತಿತ್ತು. ಇನ್ನೂ ಭಾರದವು ಇದ್ದವು, ಆದರೆ ಅವುಗಳಲ್ಲಿ ಹಲವು ಕುದುರೆ ಮೇಲೆ ಕೂತು ಆಡುವ ಈಟಿಯಾಟಕ್ಕೆ ಮಾಡಿಸಿದವು. ಈ ತೂಕ ಹೆಗಲ ಮೇಲೊಂದೇ ಬೀಳಲ್ಲ. ಹೆಗಲು, ಸೊಂಟ, ತೋಳು, ತೊಡೆಗೆ ಹಂಚಿಹೋಗುತ್ತೆ. ಫ್ರಾನ್ಸ್‌ನ ಮಾರ್ಷಲ್ ಬೂಸಿಕೊ ಕವಚ ತೊಟ್ಟುಕೊಂಡೇ ಪಲ್ಟಿ ಹೊಡೆಯುತ್ತಿದ್ದ ಅಂತ ಅವನ ಕಾಲದಲ್ಲೇ ಬರೆದಿಟ್ಟಿದ್ದಾರೆ. ಬಿದ್ದವನು ಏಳಲಾರ ಅನ್ನೋದು ಬರೀ ದಂತಕಥೆ.

ಆದರೆ ಸುಸ್ತು ನಿಜ. 2011ರಲ್ಲಿ ಇಂಗ್ಲೆಂಡ್‌ನ ಲೀಡ್ಸ್ ವಿಶ್ವವಿದ್ಯಾಲಯದ ತಂಡ ಕವಚ ತೊಟ್ಟವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ ಅಳೆಯಿತು. ಕವಚ ಇಲ್ಲದೆ ನಡೆಯೋದಕ್ಕೆ ಹೋಲಿಸಿದರೆ ಶಕ್ತಿ ಸುಮಾರು ಎರಡು ಪಟ್ಟು ಖರ್ಚಾಯಿತು. ಕಾರಣ ಕಾಲಿಗೆ ಕಟ್ಟಿದ ಲೋಹ. ಬೆನ್ನ ಮೇಲಿನ ಮೂಟೆ ಹೊತ್ತು ನಡೆಯೋದು ಬೇರೆ, ಪ್ರತಿ ಹೆಜ್ಜೆಗೂ ಮೊಣಕಾಲಿನ ಕೆಳಗಿನ ಭಾರ ಎತ್ತಿ ಬೀಸೋದು ಬೇರೆ. ಅಷ್ಟೇ ಅಲ್ಲ, ಎದೆಗೆ ಬಿಗಿದ ತಗಡಿನೊಳಗೆ ಉಸಿರು ಪೂರ್ತಿ ತುಂಬಿಕೊಳ್ಳಲ್ಲ. ನಿಮ್ಮ ಯೋಧರು ಬೀಳಲಿ, ಏಳಲಿ. ಆದರೆ ಗುಡ್ಡ ಹತ್ತಿ ಬಂದ ಮೇಲೆ ಏದುಸಿರು ಬಿಡಲೇಬೇಕು.

ಈಗ ಅದೇ 2.7 ಲೀಟರನ್ನ ಚಿನ್ನದಲ್ಲಿ ಲೆಕ್ಕ ಹಾಕಿ: 52 ಕಿಲೋ! ನಿಮ್ಮ ಗೆಳೆಯರ ಐವತ್ತು ಕಿಲೋ ನಿಮ್ಮ ರಾಜನೊಬ್ಬನಿಗೆ ಮಾತ್ರ ಸರಿಯಾಗಿ ಕೂರುತ್ತೆ. ಅಷ್ಟು ಭಾರ ಹೊತ್ತರೂ ಪ್ರಯೋಜನ ಇಲ್ಲ, ಅಪ್ಪಟ ಚಿನ್ನ ಮೆತ್ತಗೆ. ಒಂದು ಗದೆಯ ಏಟಿಗೆ ಒಳಕ್ಕೆ ಕುಸಿಯುತ್ತೆ. ನಿಜವಾದ ರಾಜರು ಮಾಡಿಸಿಕೊಂಡಿದ್ದು ಉಕ್ಕಿನ ಮೇಲೆ ಅಥವಾ ತಾಮ್ರದ ಮೇಲೆ ಚಿನ್ನದ ನೀರು. ಅದನ್ನು ಹಿಡಿಸುವ ಹಳೆಯ ವಿಧಾನ ಹೀಗೆ: ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಬೆಣ್ಣೆಯ ಹಾಗೆ ಮಾಡುತ್ತಾರೆ. ಅದನ್ನು ಲೋಹಕ್ಕೆ ಸವರಿ ಬೆಂಕಿಗೆ ಹಿಡಿಯುತ್ತಾರೆ. ಪಾದರಸ ಹೊಗೆಯಾಗಿ ಹೋಗುತ್ತೆ, ಚಿನ್ನ ಉಳಿಯುತ್ತೆ. ಆ ಹೊಗೆ ವಿಷ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಕೈನಡುಕ ಬರುತ್ತೆ. ನಿಮ್ಮ ರಾಜನ ಕವಚಕ್ಕೆ ಕಥೆ ಬೇಕಿದ್ದರೆ ಅದು ಚಿನ್ನದ ಹೊಳಪಿನಲ್ಲಿ ಸಿಗಲ್ಲ. ಅದನ್ನು ಮಾಡಿಕೊಟ್ಟು, ಆಮೇಲೆ ಒಂದು ಲೋಟ ನೀರನ್ನೂ ಚೆಲ್ಲದೆ ಹಿಡಿಯಲಾರದ ಅಕ್ಕಸಾಲಿಯ ಕೈಯಲ್ಲಿ ಸಿಗುತ್ತೆ.

ಮುಂದೆ ಹೋಗುವ ಮುಂಚೆ ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ‘ಗಟ್ಟಿ’ ಅನ್ನೋ ಪದದಲ್ಲಿ ನಾವು ಎರಡು ಗುಣ ಸೇರಿಸಿಬಿಡ್ತೀವಿ. ಒಂದು ಗಡಸು, ಇನ್ನೊಂದು ಜಿಗುಟು. ಗಡಸಾದ್ದಕ್ಕೆ ಸುಲಭವಾಗಿ ಗೀರು ಬೀಳಲ್ಲ. ಜಿಗುಟಾದ್ದು ಏಟು ತಿಂದರೂ ಮುರಿಯಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ನಾನು ಒಂದು ಅರ, ಒಂದು ದಪ್ಪ ಮೊಳೆ ಕೊಡುತ್ತಿದ್ದೆ. ಅರ ಮೊಳೆಯನ್ನು ತರಿದು ಹಾಕುತ್ತೆ. ಆಮೇಲೆ ಕಣ್ಣಿಗೆ ಕನ್ನಡಕ ಹಾಕಿಸಿ, ಎರಡನ್ನೂ ವೈಸ್‌ಗೆ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆಸುತ್ತಿದ್ದೆ. ಮೊಳೆ ಬಾಗುತ್ತೆ. ಅರ ಟಕ್ ಅಂತ ತುಂಡಾಗುತ್ತೆ, ಒಳಗೆ ಬೂದು ಬಣ್ಣದ ನುಣ್ಣನೆ ಪುಡಿಸಕ್ಕರೆಯಂಥ ಮುಖ ಕಾಣುತ್ತೆ. ಕವಚಕ್ಕೆ ಎರಡೂ ಗುಣ ಬೇಕು. ಒಂದು ಹೆಚ್ಚಿಸಿದರೆ ಸಾಮಾನ್ಯವಾಗಿ ಇನ್ನೊಂದು ಇಳಿಯುತ್ತೆ. ಕಮ್ಮಾರಿಕೆಯ ಮುಕ್ಕಾಲು ಜಾಣತನ ಇವೆರಡರ ನಡುವೆ ಹದ ಹುಡುಕೋದರಲ್ಲೇ ಇದೆ.

ಈ ಕಣ್ಣಿನಿಂದ ನಿಮ್ಮ ಖಳನ ಉಲ್ಕೆಯ ಕಬ್ಬಿಣ ನೋಡಿ. ಅದು ಕಬ್ಬಿಣ ಮತ್ತು ನಿಕಲ್ ಬೆರೆತ ಲೋಹ. ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಗಡಸಾಗೋದು ಅದರಲ್ಲಿರುವ ಇಂಗಾಲದಿಂದ. ಉಲ್ಕೆಯಲ್ಲಿ ಆ ಕೆಲಸಕ್ಕೆ ಸಾಕಾಗುವಷ್ಟು ಇಂಗಾಲ ಇರಲ್ಲ. ಹಾಗಾಗಿ ಒಳ್ಳೆಯ ಉಕ್ಕಿನ ಕತ್ತಿಯ ಮುಂದೆ ಅದು ಸೋಲುತ್ತೆ. ಮತ್ತೆ ಅದಕ್ಕೆ ಅಷ್ಟು ಹೆಸರು ಯಾಕೆ? ಅದಿರಿನಿಂದ ಕಬ್ಬಿಣ ತೆಗೆಯೋದನ್ನ ಜನ ಇನ್ನೂ ಸರಿಯಾಗಿ ಕಲಿಯದ ಕಾಲದಲ್ಲಿ ಕಬ್ಬಿಣ ಸಿಗುತ್ತಿದ್ದ ಒಂದು ದಾರಿ ಆಕಾಶವೇ ಆಗಿತ್ತು. ಈಜಿಪ್ಟಿನ ತುತಾಂಖಾಮನ್ ಕ್ರಿ.ಪೂ. 14ನೇ ಶತಮಾನದ ದೊರೆ. ಅವನ ಶವದ ಜೊತೆ ಇಟ್ಟಿದ್ದ ಕಠಾರಿಯ ಅಲಗನ್ನು ಪರೀಕ್ಷಿಸಿ, ಅದರಲ್ಲಿ ಸುಮಾರು ನೂರಕ್ಕೆ 11ರಷ್ಟು ನಿಕಲ್ ಇದೆ, ಅದು ಉಲ್ಕೆಯದೇ ಅಂತ 2016ರಲ್ಲಿ ಪ್ರಕಟಿಸಿದರು. ಅದರ ಬೆಲೆ ಇದ್ದದ್ದು ಅಪರೂಪದಲ್ಲಿ, ಗಟ್ಟಿತನದಲ್ಲಲ್ಲ.

ನಮ್ಮ ದೇಶದ ಕಥೆ ಇನ್ನೂ ಚೆನ್ನಾಗಿದೆ. 1621ರಲ್ಲಿ ಜಲಂಧರದ ಹತ್ತಿರ ಒಂದು ಉಲ್ಕೆ ಬಿತ್ತು. ಅಲ್ಲಿನ ಅಧಿಕಾರಿ ಅದನ್ನು ಅಗೆಸಿ ಆಸ್ಥಾನಕ್ಕೆ ಕಳಿಸಿದ. ಬಾದಶಹ ಜಹಾಂಗೀರ್ ಅದನ್ನು ಉಸ್ತಾದ್ ದಾವೂದ್ ಅನ್ನೋ ಕುಶಲಕರ್ಮಿಗೆ ಕೊಟ್ಟ. ಸುತ್ತಿಗೆ ಬಿದ್ದ ಕೂಡಲೇ ಲೋಹ ಪುಡಿಪುಡಿಯಾಯಿತು. ಆಗ ಮೂರು ಪಾಲು ಉಲ್ಕೆಗೆ ಒಂದು ಪಾಲು ಮಾಮೂಲಿ ಕಬ್ಬಿಣ ಬೆರೆಸಿ ಕತ್ತಿ, ಕಠಾರಿ, ಚಾಕು ಮಾಡಿಸಿದರು. ಇದನ್ನೆಲ್ಲ ಜಹಾಂಗೀರನೇ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಆ ಚಾಕು ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗೋದು ಆ ಒಂದು ಪಾಲು ಮಾಮೂಲಿ ಕಬ್ಬಿಣ. ಆಕಾಶದಿಂದ ಬಿದ್ದದ್ದು ಒಂದಾಗಿ ನಿಲ್ಲೋಕೆ ಮಣ್ಣಿನ ಕಬ್ಬಿಣ ಬೇಕಾಯಿತು. ನಿಮ್ಮ ಖಳ ‘ಅಪ್ಪಟ ಆಕಾಶದ್ದೇ ಬೇಕು’ ಅಂತ ಹಟ ಹಿಡಿದರೆ ಏನಾಗುತ್ತೆ ಯೋಚಿಸಿ. ಕಮ್ಮಾರನಿಗೆ ಗೊತ್ತು, ಹೇಳೋಕೆ ಧೈರ್ಯ ಇಲ್ಲ.

ಉಲ್ಕೆಯ ನಿಕಲ್‌ಗೂ ಒಂದು ಜಾನಪದ ಇದೆ. ಜರ್ಮನಿಯ ಗಣಿಗಾರರಿಗೆ ತಾಮ್ರದ ಹಾಗೆ ಕಾಣುವ, ಆದರೆ ತಾಮ್ರ ಕೊಡದ ಒಂದು ಅದಿರು ಸಿಗುತ್ತಿತ್ತು. ಕೀಟಲೆಯ ಭೂತ ತಾಮ್ರ ಕದ್ದಿದೆ ಅಂದುಕೊಂಡು ಅದಕ್ಕೆ ‘ಕುಪ್ಫರ್‌ನಿಕಲ್’, ಅಂದರೆ ತಾಮ್ರದ ಭೂತ, ಅಂದರು. ಕೋಬಾಲ್ಟ್ ಲೋಹಕ್ಕೆ ಹೆಸರು ಬಂದಿದ್ದೂ ‘ಕೊಬೋಲ್ಡ್’ ಅನ್ನೋ ಗಣಿಭೂತದಿಂದಲೇ. ಈ ಅದಿರುಗಳಲ್ಲಿ ಆರ್ಸೆನಿಕ್ ಇರುತ್ತೆ, ಕಾಯಿಸಿದರೆ ವಿಷದ ಹೊಗೆ ಬರುತ್ತೆ. ಭೂತ ಅಂದಿದ್ದು ಸುಮ್ನೆ ಅಲ್ಲ, ಅದರ ಹಿಂದೆ ಕಾಯಿಲೆ ಬಿದ್ದ ಜನ ಇದ್ದರು.

ಈಗ ಘಟಸರ್ಪದ ಚಿಪ್ಪು. ಇದನ್ನು ಮಕ್ಕಳಾಟ ಅಂದರೆ ನಾನು ಒಪ್ಪಲ್ಲ. ಕ್ರಿ.ಶ. ಎರಡನೇ ಶತಮಾನದ ಗ್ರೀಕ್ ಪ್ರವಾಸಿ ಪಾಸೇನಿಯಸ್ ಅಥೆನ್ಸ್‌ನ ದೇವಸ್ಥಾನವೊಂದರಲ್ಲಿ ಸಾರ್ಮೇಷಿಯನ್ ಅಲೆಮಾರಿಗಳ ಎದೆಕವಚ ನೋಡಿದ. ಅದನ್ನು ಮಾಡಿದ್ದು ಕುದುರೆ ಗೊರಸಿನಿಂದ. ಗೊರಸನ್ನು ತೊಳೆದು, ಸೀಳಿ, ಚಿಪ್ಪಿನ ಹಾಗೆ ಮಾಡಿ, ತೂತು ಕೊರೆದು, ಕುದುರೆ ಮತ್ತು ಎತ್ತಿನ ನರದಿಂದ ಹೊಲಿಯುತ್ತಿದ್ದರಂತೆ. ಆ ಚಿಪ್ಪುಗಳನ್ನು ಅವನು ‘ದ್ರಾಕೋನ್’ ಚಿಪ್ಪಿಗೆ ಹೋಲಿಸುತ್ತಾನೆ. ಗ್ರೀಕಿನಲ್ಲಿ ದ್ರಾಕೋನ್ ಅಂದರೆ ದೊಡ್ಡ ಹಾವು, ಡ್ರ್ಯಾಗನ್ ಪದದ ಅಜ್ಜ. ನೀವು ಡ್ರ್ಯಾಗನ್ ಬಿಟ್ಟು ಘಟಸರ್ಪ ಅಂತ ಬರೆದಿದ್ದು ಎಷ್ಟು ಸರಿಯಾದ ಆಯ್ಕೆ ನೋಡಿ! ಎಸೆದ ಆಯುಧಕ್ಕೂ, ಹತ್ತಿರದ ಏಟಿಗೂ ಅದು ತಡೆಯುತ್ತೆ ಅಂತ ಅವನೇ ಬರೆದಿದ್ದಾನೆ.

ಭಾರತದಿಂದ ಬ್ರಿಟನ್ನಿನ ಮೂರನೇ ಜಾರ್ಜ್ ದೊರೆಗೆ ಉಡುಗೊರೆಯಾಗಿ ಹೋದ ಒಂದು ಕವಚ ಲೀಡ್ಸ್‌ನ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿದೆ. ಅದು ಪೂರ್ತಿ ಚಿಪ್ಪುಹಂದಿಯ ಚಿಪ್ಪಿನದು, ಮೇಲೆ ಚಿನ್ನದ ಅಲಂಕಾರ. ಚಿಪ್ಪುಹಂದಿಯ ಚಿಪ್ಪು, ಕುದುರೆಯ ಗೊರಸು, ನಮ್ಮ ಉಗುರು, ಎಲ್ಲ ಒಂದೇ ವಸ್ತು, ಕೆರಾಟಿನ್. ಹಗುರ, ಸಾಕಷ್ಟು ಗಡಸು, ಚೆನ್ನಾಗಿ ಜಿಗುಟು. (ಚಿಪ್ಪಿನ ಆಸೆಗೆ ಜನ ಆ ಬಡಪ್ರಾಣಿಯನ್ನು ಇವತ್ತಿಗೂ ಕೊಲ್ಲುತ್ತಾರೆ. ಕಾನೂನು ಅದಕ್ಕೆ ಅತಿ ಹೆಚ್ಚಿನ ರಕ್ಷಣೆ ಕೊಟ್ಟಿದ್ದರೂ ಕಳ್ಳಬೇಟೆ ನಿಂತಿಲ್ಲ. ನಿಮ್ಮ ಕಥೆಯಲ್ಲೂ ಚಿಪ್ಪಿಗಾಗಿ ಘಟಸರ್ಪಗಳು ಮುಗಿದುಹೋಗುತ್ತಿರಬಹುದು. ಯೋಚಿಸಿ.)

ಚಿಪ್ಪಿನ ಕವಚದ ನಿಜವಾದ ಸೋಲು ಚಿಪ್ಪಿನಲ್ಲಿಲ್ಲ, ಹೊಲಿಗೆಯಲ್ಲಿದೆ. ಹೆಂಚಿನ ಮನೆ ನೆನೆಸಿಕೊಳ್ಳಿ. ಮೇಲಿಂದ ಬಂದ ಮಳೆ ಜಾರಿಹೋಗುತ್ತೆ. ಕೆಳಗಿಂದ ಕೋಲು ತೂರಿಸಿದರೆ ಹೆಂಚು ಎದ್ದುಬಿಡುತ್ತೆ. ಹಾಗೇ ಕೆಳಗಿಂದ ಮೇಲಕ್ಕೆ ತಿವಿದ ಕಠಾರಿ ಚಿಪ್ಪಿನ ಸಂದಿಗೆ ನುಗ್ಗುತ್ತೆ. ಬೆವರು, ಮಳೆ ಕುಡಿದು ನರದ ದಾರ ಸಡಿಲವಾಗುತ್ತೆ, ಕೊಳೆಯುತ್ತೆ. ಪ್ರತಿ ಜಗಳದ ನಂತರ ಯಾರೋ ಕೂತು ಅದನ್ನು ಮತ್ತೆ ಹೊಲಿಯಬೇಕು. ನಿಮ್ಮ ನಾಯಕನಿಗೆ ಹೊಲಿಯೋಕೆ ಬರುತ್ತಾ? ಬರದಿದ್ದರೆ ಯಾರು ಹೊಲಿದುಕೊಡ್ತಾರೆ? ಅಲ್ಲೊಂದು ಇಡೀ ಅಧ್ಯಾಯ ಇದೆ.

ಕರಿಗಾಜಿನ ವಿಷಯದಲ್ಲಿ ನಿಮ್ಮ ಗೆಳೆಯರ ಅನುಮಾನಕ್ಕೆ ಆಧಾರ ಇದೆ. ಕರಿಗಾಜು ಅಂದರೆ ಅಬ್ಸಿಡಿಯನ್, ಜ್ವಾಲಾಮುಖಿಯ ಗಾಜು. ಅಂಚು ಭಯಂಕರ ಚೂಪು, ಆದರೆ ಜಿಗುಟು ಕಮ್ಮಿ. ಮೆಕ್ಸಿಕೋದ ಅಜ್ಟೆಕ್ ಜನ ಅದನ್ನು ಮರದ ಗದೆಯ ಅಂಚಿಗೆ ಕೂರಿಸಿ ಆಯುಧ ಮಾಡಿದರು, ಕವಚಕ್ಕೆ ಬಳಸಲಿಲ್ಲ. ಕವಚಕ್ಕೆ ಅವರು ಬಳಸಿದ್ದು ಹತ್ತಿ! ದಪ್ಪವಾಗಿ ತುಂಬಿ ಹೊಲಿದ ಹತ್ತಿಯ ಅಂಗಿ. ಅಲ್ಲಿಗೆ ಹೋದ ಸ್ಪೇನ್ ಸೈನಿಕರಲ್ಲಿ ಎಷ್ಟೋ ಜನ ತಮ್ಮ ಉಕ್ಕು ಬಿಟ್ಟು ಅದನ್ನೇ ತೊಟ್ಟರು. ಟಿಪ್ಪು ಕಾಲದ ಮೈಸೂರಿನಲ್ಲೂ ಪದರ ಪದರವಾಗಿ ಹೊಲಿದ ಬಟ್ಟೆಯ ಕವಚ, ಬಟ್ಟೆಯ ಶಿರಸ್ತ್ರಾಣ ಇದ್ದವು. ಕಂಪ್ಯೂಟರ್ ಆಟಗಳಲ್ಲಿ ಬಟ್ಟೆಯ ಕವಚ ಅಂದರೆ ಕೈಲಾಗದವರ ಕವಚ. ನಿಜದ ಯುದ್ಧದಲ್ಲಿ ಅದಕ್ಕೆ ದೊಡ್ಡ ಮರ್ಯಾದೆ ಇತ್ತು. (ಆಟಗಳ ಇನ್ನೊಂದು ತಪ್ಪು, ಮೊಳೆ ಹೊಡೆದ ಚರ್ಮದ ಕವಚ. ಹಳೆಯ ಚಿತ್ರಗಳಲ್ಲಿ ಕಾಣುವ ಆ ಮೊಳೆಗಳು ಹಲವು ಕಡೆ ಒಳಗಿನ ಉಕ್ಕಿನ ಪಟ್ಟಿಗಳನ್ನು ಹಿಡಿದಿಟ್ಟ ರಿವೆಟ್‌ಗಳು. ಕವಚ ಇದ್ದದ್ದು ಒಳಗೆ.)

ಹಾಗಂತ ಕರಿಗಾಜನ್ನು ಬಿಡಬೇಕಿಲ್ಲ. ಇವತ್ತಿನ ಗುಂಡುನಿರೋಧಕ ಕವಚ ನೋಡಿ. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ ‘ಭಾಭಾ ಕವಚ’ದಲ್ಲಿ ಬೋರಾನ್ ಕಾರ್ಬೈಡ್ ಅನ್ನೋ ಸೆರಾಮಿಕ್ ಇದೆ. ಇಂಥ ಕವಚದಲ್ಲಿ ಮುಂದಿನ ಸೆರಾಮಿಕ್ ಗುಂಡನ್ನು ಒಡೆಯುತ್ತೆ, ತಾನೂ ಒಡೆಯುತ್ತೆ. ಹಿಂದಿನ ನಾರಿನ ಪದರ ಚೂರುಗಳನ್ನು ಹಿಡಿಯುತ್ತೆ. ಒಡೆಯೋದೇ ಅದರ ಕೆಲಸ. ಬೆಟ್ಟದ ಜನ ದಪ್ಪ ಹತ್ತಿಯ ಅಂಗಿಯ ಮೇಲೆ ಕರಿಗಾಜಿನ ಸಣ್ಣ ಬಿಲ್ಲೆಗಳನ್ನು ಹೊಲಿದುಕೊಳ್ಳಲಿ. ಒಂದೊಂದು ಬಿಲ್ಲೆ ಒಂದೇ ಸಲ ಉಳಿಸುತ್ತೆ. ಹೋರಾಟ ಮುಗಿದ ಮೇಲೆ ಎಷ್ಟು ಬಿಲ್ಲೆ ಉಳಿದಿವೆ ಅಂತ ಎಣಿಸುತ್ತಾರೆ. ನಿಜದ ಅಬ್ಸಿಡಿಯನ್ ಸೆರಾಮಿಕ್‌ನಷ್ಟು ಗಡಸಲ್ಲ, ಅದನ್ನು ನಿಮ್ಮ ಕಲ್ಪನೆಯ ಗಾಜು ತುಂಬಿಕೊಡಲಿ. ಅಷ್ಟು ಸ್ವಾತಂತ್ರ್ಯ ಕಥೆಗಾರನಿಗೆ ಇದೆ.

ರಾಣಿಯ ಬೆಳ್ಳಿಜೊನ್ನಕ್ಕೆ ಬರುತ್ತೇನೆ, ಅದು ನನಗೆ ಐದರಲ್ಲೂ ಹೆಚ್ಚು ಇಷ್ಟ. ಹಗುರವೂ ಗಟ್ಟಿಯೂ ಆದ ಬೆಳ್ಳಿಬಣ್ಣದ ಲೋಹ ಅಂದ ಕೂಡಲೇ ಓದುಗರಿಗೆ ಟೋಲ್ಕಿನ್‌ರ ‘ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಮಿಥ್ರಿಲ್ ಲೋಹ ನೆನಪಾಗುತ್ತೆ. ಅದನ್ನು ತಪ್ಪಿಸೋಕಾಗಲ್ಲ. ಆದರೆ ಮಿಥ್ರಿಲ್ ನಮ್ಮ ನೆನಪಲ್ಲಿ ಉಳಿದಿದ್ದು ಹಗುರ ಅಂತಲ್ಲ. ಅದಕ್ಕಾಗಿ ಕುಳ್ಳರು ಮೋರಿಯಾ ಅನ್ನೋ ಗಣಿಯಲ್ಲಿ ಅತಿ ಆಳಕ್ಕೆ ಅಗೆದು, ಮಲಗಿದ್ದ ಕೇಡನ್ನು ಎಬ್ಬಿಸಿದರು ಅಂತ. ನಿಮ್ಮ ಲೋಹ ಎಲ್ಲಿಂದ ಬರುತ್ತೆ ಅಂತ ಪತ್ರದಲ್ಲಿ ಇಲ್ಲ. ಅದೇ ಕೊರತೆ.

ನಿಜ ಜಗತ್ತಿನಲ್ಲಿ ಇದಕ್ಕೆ ಹತ್ತಿರದ್ದು ಟೈಟಾನಿಯಂ. ಅದೇ 2.7 ಲೀಟರ್ ಲೆಕ್ಕದಲ್ಲಿ ಪೂರ್ತಿ ಕವಚ ಸುಮಾರು 12 ಕಿಲೋ. ಮಿಶ್ರಲೋಹ ಮಾಡಿದರೆ ಒಳ್ಳೆಯ ಉಕ್ಕಿಗೆ ಹೆಗಲು ಕೊಡುತ್ತೆ, ತುಕ್ಕು ಹಿಡಿಯಲ್ಲ. ಅಲ್ಯೂಮಿನಿಯಂ ಏಳು ಕಿಲೋಗೇ ಮುಗಿಯುತ್ತೆ, ಆದರೆ ಅದೇ ದಪ್ಪದಲ್ಲಿ ಬೇಗ ತಗ್ಗು ಬೀಳುತ್ತೆ. ಟೈಟಾನಿಯಂ ಅಪರೂಪವೂ ಅಲ್ಲ. ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿ ಅದರ ಅದಿರು ಇದೆ, ಜನ ಅದರ ಮೇಲೇ ಓಡಾಡುತ್ತಾರೆ. ಕಷ್ಟ ಇರೋದು ಲೋಹ ಬಿಡಿಸೋದರಲ್ಲಿ. ಕಾದಾಗ ಅದು ಗಾಳಿಯನ್ನೇ ಕುಡಿದು, ಏಟಿಗೆ ಒಡೆಯುವ ಹಾಗೆ ಆಗಿಬಿಡುತ್ತೆ. ಹಾಗಾಗಿ ಗಾಳಿ ತೆಗೆದ ಕುಲುಮೆಯಲ್ಲೇ ಕರಗಿಸಬೇಕು. ತಿದಿ ಒತ್ತಿ ಗಾಳಿ ಊದುವ ಯಾವ ಕಮ್ಮಾರನಿಗೂ ಅದು ಒಲಿಯಲ್ಲ. ನಿಮ್ಮ ರಾಣಿಯ ನಾಡಿನ ಜನರ ಕಾಲ ಕೆಳಗೇ ಕಪ್ಪು ಮರಳಾಗಿ ಬೆಳ್ಳಿಜೊನ್ನ ಬಿದ್ದಿದೆ, ಉಸಿರಿಲ್ಲದ ಬೆಂಕಿ ಹೊತ್ತಿಸೋದು ಒಂದೇ ಮನೆತನಕ್ಕೆ ಗೊತ್ತು ಅಂದುಕೊಳ್ಳಿ. ಆ ಮನೆತನ ಯಾರ ಕಡೆ ಅನ್ನೋದೇ ರಾಜಕೀಯ.

ಈಗ ನಿಮ್ಮ ಎರಡು ದಾರಿಗಳ ಬಗ್ಗೆ. ‘ಕಲ್ಪನೆ ತಾನೇ’ ಅಂತ ಹಾಗೇ ಬಿಟ್ಟರೆ ಓದುಗ ತಕ್ಷಣ ಜಗಳ ತೆಗೆಯಲ್ಲ. ಆದರೆ ಮೂರನೇ ಯುದ್ಧದಲ್ಲೂ ಕವಚ ನಾಯಕನನ್ನು ಉಳಿಸಿದಾಗ ಅವನಿಗೆ ಭಯ ಹೋಗಿಬಿಡುತ್ತೆ. ಭಯ ಹೋದರೆ ಕುತೂಹಲವೂ ಹೋಯಿತು. ಕರ್ಣನ ಕವಚ ನಮ್ಮನ್ನು ಇವತ್ತಿಗೂ ಕಾಡೋದು ಅದು ಭೇದಿಸಲಾಗದ್ದು ಅಂತಲ್ಲ, ಅವನು ಅದನ್ನು ಮೈಯಿಂದ ಕೊಯ್ದು ಕೊಟ್ಟ ಅಂತ ಅಲ್ವಾ? ನಾನು ಹೇಳಿದ ಹಾಗೆ ಒಂದೊಂದಕ್ಕೂ ಒಂದು ಸೋಲು ಕೊಡೋದರಲ್ಲೂ ಅಪಾಯ ಇದೆ. ನಿಮಗೆ ಗೊತ್ತಾದದ್ದನ್ನೆಲ್ಲ ಪಾತ್ರದ ಬಾಯಲ್ಲಿ ಪಾಠದ ಹಾಗೆ ಹೇಳಿಸಿಬಿಡುವ ಆಸೆ ಬರುತ್ತೆ. ಹೇಳಿಸಬೇಡಿ. ದಾರ ಸಡಿಲವಾದದ್ದನ್ನು ಒಂದು ಸಲ ತೋರಿಸಿ ಸಾಕು.

ಇನ್ನು ‘ಮಾಮೂಲಿ ಉಕ್ಕು’ ಅಂದಿರಲ್ಲ, ಅದು ನನಗೆ ಸ್ವಲ್ಪ ನೋವಾದ ಮಾತು. ಜಗತ್ತು ಬೆರಗಾಗಿ ನೋಡಿದ ‘ವೂಟ್ಜ್’ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂತು ಅನ್ನೋದು ಹೆಚ್ಚಿನವರು ಒಪ್ಪಿರುವ ಮಾತು. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ಕಾಯಿಸುತ್ತಿದ್ದರು. 1800ರ ಸುಮಾರಿಗೆ ಮೈಸೂರು ಸೀಮೆಯಲ್ಲಿ ತಿರುಗಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇದನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ಕಡ್ಡಿ, ಎಲೆ ಮಂತ್ರಕ್ಕಲ್ಲ, ಇಂಗಾಲಕ್ಕೆ. ನಿಧಾನವಾಗಿ ಆರಿಸಿ, ಹದವಾದ ಕಾವಿನಲ್ಲಿ ಬಡಿದರೆ ಅಲಗಿನ ಮೇಲೆ ಹರಿಯುವ ನೀರಿನಂಥ ಗೆರೆ ಮೂಡುತ್ತಿತ್ತು. ತಮ್ಮ ಅಭ್ಯಾಸದಂತೆ ಬೆಳ್ಳಗೆ ಕಾಯಿಸಿ ಬಡಿದ ಯುರೋಪಿನ ಕಮ್ಮಾರರ ಕೈಯಲ್ಲಿ ಅದೇ ಉಕ್ಕಿನ ತುಂಡು ಚೂರಾಗುತ್ತಿತ್ತು. ಗುಲಾಮರ ರಕ್ತದಲ್ಲಿ ಅದ್ದಿ ಹದ ಮಾಡುತ್ತಿದ್ದರು ಅನ್ನೋದು ದೂರದ ಊರಿನವರು ಕಟ್ಟಿದ ಕಥೆ. ಕತ್ತಿಗೆ ಬೇಕಿದ್ದದ್ದು ಕಾವಿನ ಲೆಕ್ಕ ಗೊತ್ತಿದ್ದ ಕಣ್ಣು.

ಆ ಕಣ್ಣು ಇನ್ನೂ ಕೆಲವರಿಗೆ ಇದೆ. ನಿಮ್ಮ ಕಡೆ ಕತ್ತಿ, ಕುಡುಗೋಲು ಮಾಡುವ ಕುಲುಮೆ ಉಳಿದಿದ್ದರೆ ಒಂದು ಬೆಳಿಗ್ಗೆ ಹೋಗಿ ಕೂತು ಬನ್ನಿ. ಅದ್ದಿ ತೆಗೆದ ಅಲಗನ್ನು ಉಜ್ಜಿ ಮತ್ತೆ ಸ್ವಲ್ಪ ಬಿಸಿಗೆ ಹಿಡಿದಾಗ ಅದರ ಮೇಲೆ ಬಣ್ಣ ಓಡುತ್ತೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹುಲ್ಲಿನ ಬಣ್ಣಕ್ಕೆ ನಿಲ್ಲಿಸಿದರೆ ಗಡಸು ಜಾಸ್ತಿ, ನೀಲಿಗೆ ಬಿಟ್ಟರೆ ಜಿಗುಟು ಜಾಸ್ತಿ. ಎಲ್ಲವೂ ಕೆಲವೇ ಕ್ಷಣದಲ್ಲಿ ಆಗಿಹೋಗುತ್ತೆ. ಅವರು ಯಾವ ಬಣ್ಣಕ್ಕೆ ತೆಗೆಯುತ್ತಾರೆ, ಕತ್ತಿಗೊಂದು ಕುಡುಗೋಲಿಗೊಂದು ಅಂತ ಬೇರೆ ಬೇರೆ ಇದೆಯಾ ಅಂತ ಕೇಳಿ ಬರೆದುಕೊಳ್ಳಿ. ನಿಮ್ಮ ಗೆಳೆಯರನ್ನೂ ಜೊತೆಗೆ ಕರೆದುಕೊಂಡು ಹೋಗಿ.